ಲಾಕ್‌ಡೌನ್ ತೆರೆದ ಮೇಲೆ ಶುರುವಾದ ಕಷ್ಟ

2020ರ ಏಪ್ರಿಲ್‌ನಲ್ಲಿ ಒಂದು ಮಾತು ಎಲ್ಲ ಕಡೆ ಓಡಾಡುತ್ತಿತ್ತು. "ಕೊರೊನಾದಿಂದ ಸಾಯೋರಿಗಿಂತ ಮನೇಲಿ ಕೂತು ತಲೆ ಕೆಟ್ಟು ಸಾಯೋರೇ ಜಾಸ್ತಿ ಆಗ್ತಾರೆ, ನೋಡ್ತಿರಿ." ವಾಟ್ಸಾಪ್‌ನಲ್ಲಿ, ಟಿವಿ ಚರ್ಚೆಯಲ್ಲಿ, ಹಾಲಿನ ಅಂಗಡಿ ಮುಂದೆ ಸುಣ್ಣದ ಗೆರೆಯೊಳಗೆ ನಿಂತವರ ಬಾಯಲ್ಲಿ ಇದೇ ಮಾತು. ನಾನೂ ನಂಬಿದ್ದೆ. ಕೆಲಸ ಇಲ್ಲ, ಓಡಾಟ ಇಲ್ಲ, ಸಾವಿನ ಸುದ್ದಿ ಬಿಟ್ಟರೆ ಬೇರೆ ಸುದ್ದಿಯೂ ಇಲ್ಲ. ಹಾಗಾಗದೆ ಇನ್ನೇನಾದೀತು ಅನ್ನಿಸುತ್ತಿತ್ತು.

ಲೆಕ್ಕ ಕೈಗೆ ಬಂದಾಗ ಕಥೆ ಬೇರೆಯೇ ಇತ್ತು. 21 ದೇಶಗಳ ಅಂಕಿಗಳನ್ನು ಒಟ್ಟು ಮಾಡಿ ನೋಡಿದ ಒಂದು ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆ ದೇಶಗಳಲ್ಲಿ ಆತ್ಮಹತ್ಯೆ ಹೆಚ್ಚಾಗಿರಲಿಲ್ಲ. ಕೆಲವು ಕಡೆ ಕಡಿಮೆಯೇ ಆಗಿತ್ತು. ಅವೆಲ್ಲ ಸಾಕಷ್ಟು ಅನುಕೂಲವಿರುವ ದೇಶಗಳು, ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಎಲ್ಲರ ಊಹೆ ತಪ್ಪಾದದ್ದು ಯಾಕೆ ಅಂತ ಕೇಳಲೇಬೇಕು. ಅಪಾಯ ಯಾವಾಗ ಬರುತ್ತದೆ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಜನರ ಮನಸ್ಸು ಆಗ ಚೆನ್ನಾಗಿತ್ತು ಅಂತ ಇದರ ಅರ್ಥ ಅಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಚ್ಚು ಪೆಟ್ಟು ಬಿದ್ದದ್ದು ಹೆಂಗಸರಿಗೆ ಮತ್ತು ಹರೆಯದವರಿಗೆ. ಅಂದರೆ ಸಂಕಟ ಏರಿತು, ಜೀವ ಕಳೆದುಕೊಳ್ಳುವವರ ಸಂಖ್ಯೆ ಅದರ ಜೊತೆಗೇ ಏರಲಿಲ್ಲ. ಇವೆರಡನ್ನೂ ನಾವು ಒಂದೇ ಅಂತ ತಿಳಿದುಕೊಳ್ಳುತ್ತೇವೆ. ಬೇಜಾರಾದವರೆಲ್ಲ ಸಾವಿನ ಕಡೆ ನಡೆಯುವುದಿಲ್ಲ. ಖಿನ್ನತೆ ಇರುವವರಲ್ಲೂ ಬಹಳಷ್ಟು ಜನ ನಡೆಯುವುದಿಲ್ಲ. ಆ ಕಡೆಗೆ ತಳ್ಳಲು ಬೇರೆ ಕೆಲವು ಸಂಗತಿಗಳು ಬಂದು ಸೇರಬೇಕು.

ಅವು ಯಾವುವು? ಈ ಕ್ಷೇತ್ರದವರು ಸುತ್ತಿ ಬಳಸಿ ಹೇಳುವುದನ್ನು ನಮ್ಮ ಮಾತಲ್ಲಿ ಹೇಳಿದರೆ ಮೂರು ಅನಿಸಿಕೆಗಳು. ನನಗೆ ಯಾರೂ ಇಲ್ಲ. ನಾನು ಎಲ್ಲರಿಗೂ ಭಾರ. ಇದರಿಂದ ಆಚೆ ಹೋಗಲು ದಾರಿಯೇ ಇಲ್ಲ. ಇವು ನಿಜವೇ ಆಗಿರಬೇಕಿಲ್ಲ, ಹಾಗನ್ನಿಸಿದರೆ ಸಾಕು. ಮೂರೂ ಒಟ್ಟಿಗೆ ಸೇರಿ, ಕೈಗೆ ಅಪಾಯದ ವಸ್ತು ಸುಲಭವಾಗಿ ಸಿಗುವಂತಿದ್ದರೆ ಆ ಹೊತ್ತು ತುಂಬಾ ಕೆಟ್ಟದ್ದು.

ಈಗ 2020ರ ಏಪ್ರಿಲ್‌ಗೆ ವಾಪಸ್ ಹೋಗಿ. ಕೆಲಸ ಇರಲಿಲ್ಲ, ನಿಜ. ಆದರೆ ಯಾರಿಗೂ ಇರಲಿಲ್ಲ. ಅಂಗಡಿ ಮುಚ್ಚಿದವನಿಗೆ ಪಕ್ಕದ ಅಂಗಡಿಯೂ ಮುಚ್ಚಿರುವುದು ಕಾಣುತ್ತಿತ್ತು. "ನಾನು ಕೈಲಾಗದವನು" ಅಂತ ಅಂದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಇಡೀ ಜಗತ್ತೇ ನಿಂತಿತ್ತಲ್ವಾ? ಮನೆಯವರೆಲ್ಲ ಮನೆಯಲ್ಲೇ ಇದ್ದರು. ಯಾರೋ ಅಕ್ಕಿ ಬೇಳೆ ಹಂಚುತ್ತಿದ್ದರು. ಸಾಲದ ಕಂತನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಯುದ್ಧದ ಕಾಲದಲ್ಲಿ ಆತ್ಮಹತ್ಯೆ ಕಡಿಮೆಯಾಗುತ್ತದೆ ಎಂಬುದನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಗುರುತಿಸಿದ್ದ. ಕಷ್ಟ ಎಲ್ಲರದೂ ಆದಾಗ ಜನ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ.

ಹಾಗಾದರೆ ಅಪಾಯ ಯಾವಾಗ? ಕಷ್ಟ ಎಲ್ಲರದಾಗಿ ಉಳಿಯದೆ ಕೆಲವರದ್ದು ಮಾತ್ರ ಆದಾಗ.

ಜಪಾನ್ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. 2020ರ ಫೆಬ್ರವರಿಯಿಂದ ಜೂನ್‌ವರೆಗೆ ಅಲ್ಲಿ ಆತ್ಮಹತ್ಯೆ ಶೇ. 14ರಷ್ಟು ಇಳಿಯಿತು. ಸರ್ಕಾರ ಪ್ರತಿಯೊಬ್ಬರಿಗೂ ದುಡ್ಡು ಕೊಟ್ಟಿತ್ತು, ಶಾಲೆಗಳು ಮುಚ್ಚಿದ್ದವು, ದುಡಿಯುವ ಗಂಟೆಗಳು ಕಡಿಮೆಯಾಗಿದ್ದವು. ಆಮೇಲೆ ಜುಲೈನಿಂದ ಅಕ್ಟೋಬರ್‌ವರೆಗೆ ಶೇ. 16 ಏರಿತು. ಹೆಂಗಸರಲ್ಲಿ ಶೇ. 37, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 49. ಹೋಟೆಲು, ಅಂಗಡಿಗಳಲ್ಲಿ ತಾತ್ಕಾಲಿಕ ಕೆಲಸ ಮಾಡುತ್ತಿದ್ದ ಹೆಂಗಸರು ಮೊದಲು ಕೆಲಸ ಕಳೆದುಕೊಂಡಿದ್ದರು. ಗಂಡ, ಮಕ್ಕಳು ಮನೆಯಲ್ಲೇ ಇದ್ದುದರಿಂದ ಮನೆಗೆಲಸ ಹೆಚ್ಚಾಗಿತ್ತು. ಶಾಲೆ ಮತ್ತೆ ಶುರುವಾದಾಗ ಮಕ್ಕಳ ಮೇಲೆ ಹಳೆಯ ಒತ್ತಡ ಬಂದು ಕೂತಿತು. 2021ರ ಫೆಬ್ರವರಿಯಲ್ಲಿ ಜಪಾನ್ ಒಂಟಿತನಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. ಓದಿದಾಗ ನಗು ಬಂದಿತ್ತು. ಈಗ ಬರುವುದಿಲ್ಲ.

ನಮ್ಮ ಲೆಕ್ಕಕ್ಕೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2019ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,39,123. 2020ರಲ್ಲಿ 1,53,052. 2021ರಲ್ಲಿ 1,64,033. 2022ರಲ್ಲಿ 1,70,924. ಕರ್ನಾಟಕದಲ್ಲಿ 2019ರಲ್ಲಿ 11,288 ಇದ್ದದ್ದು 2020ರಲ್ಲಿ 12,259, 2021ರಲ್ಲಿ 13,056 ಆಯಿತು. ಇದು ಪೊಲೀಸರು ಬರೆದುಕೊಂಡ ಲೆಕ್ಕ. ಎಷ್ಟೋ ಸಾವುಗಳು "ಹೊಟ್ಟೆನೋವು", "ಆಕಸ್ಮಿಕ" ಅಂತ ದಾಖಲಾಗುತ್ತವೆ, ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಜಾಸ್ತಿಯೇ ಇರಬೇಕು. ಕಾರಣದ ಕಾಲಂ ಅಂತೂ ಪೂರ್ತಿ ನಂಬುವಂಥದ್ದಲ್ಲ. ಒಂದು ಸಾವಿಗೆ ಒಂದು ಕಾರಣ ಬರೆಯಬೇಕು, "ಕೌಟುಂಬಿಕ ಸಮಸ್ಯೆ" ಅಂತ ಬರೆದರೆ ಫೈಲ್ ಮುಗಿಯಿತು. ಆ ಎರಡು ಪದದ ಒಳಗೆ ಸಾಲ, ಕುಡಿತ, ಹೊಡೆತ ಎಲ್ಲ ಅಡಗಿರುತ್ತದೆ.

ನನಗೆ ಮುಖ್ಯ ಅನ್ನಿಸುವುದು 2021 ಮತ್ತು 2022. ಲಸಿಕೆ ಬಂತು, ಅಂಗಡಿ ತೆರೆಯಿತು, ಮದುವೆಗಳು ಮತ್ತೆ ಜೋರಾದವು. ಸಂಖ್ಯೆ ಮಾತ್ರ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಎಲ್ಲವೂ ಕೊರೊನಾದಿಂದಲೇ ಅಂತ ಹೇಳಲಾಗುವುದಿಲ್ಲ, ಈ ಏರಿಕೆ ಅದಕ್ಕಿಂತ ಮುಂಚೆಯೇ ಶುರುವಾಗಿತ್ತು. ಆದರೆ ಯಾರ ಸಾವು ಏರಿತು ಅಂತ ನೋಡಿ. ದಿನಗೂಲಿಯವರು 2019ರಲ್ಲಿ 32,563 ಜನ, 2020ರಲ್ಲಿ 37,666, 2021ರಲ್ಲಿ 42,004. ದೇಶದಲ್ಲಿ ಹೀಗೆ ಸತ್ತ ನಾಲ್ವರಲ್ಲಿ ಒಬ್ಬರು ಕೂಲಿಯವರು.

ಕೂಲಿಯವರ ಕಷ್ಟ ಲಾಕ್‌ಡೌನ್ ದಿನವೇ ಶುರುವಾದದ್ದು ನಿಜ. ರಾಯಚೂರು, ಕಲಬುರಗಿ, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು ಮಕ್ಕಳನ್ನು ಹೊತ್ತು ನಡೆದೇ ಊರಿಗೆ ಹೊರಟದ್ದು ನಮಗೆಲ್ಲ ನೆನಪಿದೆ. ಆಗ ಅವರನ್ನು ಇಡೀ ದೇಶ ನೋಡುತ್ತಿತ್ತು. ಆಮೇಲಿನದನ್ನು ಯಾರೂ ನೋಡಲಿಲ್ಲ. ಊರಲ್ಲಿ ಮೂರು ತಿಂಗಳು ಕೂತು ತಿನ್ನಲು ಮಾಡಿದ ಕೈಸಾಲ, ಅದಕ್ಕೆ ಬಡ್ಡಿ, ಸಂಘದ ವಾರದ ಕಂತು. ಬ್ಯಾಂಕಿನ ಕಂತು ಮುಂದೂಡಿದ್ದು 2020ರ ಆಗಸ್ಟ್ 31ಕ್ಕೆ ಮುಗಿಯಿತು. ಕೈಸಾಲ ಕೊಟ್ಟವನಿಗೆ ಅಂಥ ನಿಯಮವೇ ಇರಲಿಲ್ಲ. ಈ ಹೊತ್ತಿಗೆ ಪಕ್ಕದ ಅಂಗಡಿ ತೆರೆದಿದೆ, ನನ್ನದು ತೆರೆದಿಲ್ಲ. ಅವರ ಮಗ ಕೆಲಸಕ್ಕೆ ವಾಪಸ್ ಹೋದ, ನನ್ನ ಮಗನಿಗೆ ಫೋನೇ ಬರಲಿಲ್ಲ. ಕಷ್ಟ ಈಗ ನನ್ನೊಬ್ಬನದು. ಜೊತೆಗೆ ನಾಚಿಕೆ.

2020ರ ಮೇನಲ್ಲಿ ರಾಜ್ಯ ಸರ್ಕಾರ ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು. 5,000 ಎಷ್ಟು ದಿನಕ್ಕೆ ಬರುತ್ತದೆ ಅಂತ ಎಲ್ಲರೂ ಕೇಳಿದರು, ನಾನೂ ಕೇಳಿದೆ. ಆದರೆ ಇಂಥ ಹಣವನ್ನು ಬರೀ ಪರಿಹಾರ ಅಂತ ನೋಡಬಾರದು, ಅದು ಜೀವ ಉಳಿಸುವ ಔಷಧವೂ ಹೌದು. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರ ಹಣ ಕೊಡುವ ಯೋಜನೆ ಬಂದ ಕಡೆ ಆತ್ಮಹತ್ಯೆ ಶೇ. 18ರಷ್ಟು ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಅಲ್ಲಿ ಯಾರೂ ಕೌನ್ಸೆಲಿಂಗ್ ಕೊಟ್ಟಿರಲಿಲ್ಲ. ಮನಸ್ಸಿನ ಆರೋಗ್ಯ ಅಂದ ತಕ್ಷಣ ಯೋಗ, ಧ್ಯಾನ ಅಂತ ಶುರು ಮಾಡುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಕುಡಿತದ ವಿಷಯ ಸ್ವಲ್ಪ ಬೇರೆ. ಇಲ್ಲಿ ಅಪಾಯ ತಡವಾಗಿ ಬರಲಿಲ್ಲ, ಮೊದಲ ವಾರವೇ ಬಂತು. ಮಾರ್ಚ್ ಕೊನೆಯಲ್ಲಿ ಮದ್ಯದಂಗಡಿಗಳು ಮುಚ್ಚಿದ ಕೆಲವೇ ದಿನಗಳಲ್ಲಿ ಕೇರಳ, ಕರ್ನಾಟಕದಿಂದ ಸಾವಿನ ಸುದ್ದಿಗಳು ಬಂದವು. ವರ್ಷಗಟ್ಟಲೆ ಕುಡಿದ ಮೆದುಳು ಮದ್ಯದ ಮಂಪರನ್ನು ಸರಿದೂಗಿಸಲು ಯಾವಾಗಲೂ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಒಮ್ಮೆಲೇ ಮದ್ಯ ನಿಂತರೆ ಬ್ರೇಕ್ ಇಲ್ಲದ ಗಾಡಿಯ ಹಾಗೆ. ಕೈ ನಡುಕ, ಬೆವರು, ನಿದ್ದೆ ಇಲ್ಲ. ಎರಡು ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಫಿಟ್ಸ್ ಬರುತ್ತದೆ, ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಔಷಧವಿದೆ, ಮನೆಯಲ್ಲಿ ಕೂಡಿಹಾಕಿದರೆ ಜೀವಕ್ಕೇ ಕುತ್ತು. ಡಾಕ್ಟರ್ ಚೀಟಿ ತಂದವರಿಗೆ ಮದ್ಯ ಕೊಡೋಣ ಅಂತ ಕೇರಳ ಸರ್ಕಾರ ಹೊರಟಿತ್ತು, ಡಾಕ್ಟರುಗಳೇ ವಿರೋಧಿಸಿದರು, ಏಪ್ರಿಲ್ 2ರಂದು ಹೈಕೋರ್ಟ್ ತಡೆಯಿತು. ಮೇ 4ಕ್ಕೆ ನಮ್ಮಲ್ಲಿ ಅಂಗಡಿ ತೆರೆದಾಗ ಬೆಳಗ್ಗೆಯೇ ನಿಂತ ಕ್ಯೂ ನೋಡಿ ನಾವೆಲ್ಲ ನಕ್ಕೆವು. ಆ ಸಾಲಿನಲ್ಲಿ ಮಜಾಕ್ಕೆ ನಿಂತವರೂ ಇದ್ದರು, ಕೈ ನಡುಕ ನಿಲ್ಲಲಿ ಅಂತ ನಿಂತವರೂ ಇದ್ದರು. ನೋಡುವವರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಕಾಯಿಲೆ ಬಂದವರಿಗೆ ಇನ್ನೊಂದು ಥರದ ಪೆಟ್ಟು. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯ 76 ವರ್ಷದ ಹಿರಿಯರದ್ದು, 2020ರ ಮಾರ್ಚ್‌ನಲ್ಲಿ. ಆಮೇಲೆ ಕೈಗೆ ಕ್ವಾರಂಟೈನ್ ಸೀಲು, ಮನೆ ಬಾಗಿಲಿಗೆ ಚೀಟಿ, ಬೀದಿಗೆ ತಗಡಿನ ಶೀಟು. "ಸೀಲ್‌ಡೌನ್" ಅನ್ನುವ ಪದ ನಾವೇ ಕಂಡುಹಿಡಿದ ಹಾಗಿತ್ತು. ರೋಗ ಹರಡದಿರಲಿ ಅಂತ ಮಾಡಿದ್ದು ಸರಿ. ಆದರೆ ಹದಿನಾಲ್ಕು ದಿನ ಮುಗಿದ ಮೇಲೂ ಹಾಲಿನವನು ಆ ಮನೆಗೆ ಬರಲಿಲ್ಲ, ಮನೆಗೆಲಸದವಳಿಗೆ ಬೇರೆ ಮನೆಯವರು ಬರಬೇಡ ಅಂದರು. ವೈರಸ್ ಹೋದ ಮೇಲೂ ಬಹಿಷ್ಕಾರ ಉಳಿಯಿತು. ಬಾಗಿಲಿಗೆ ಚೀಟಿ ಅಂಟಿಸಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2020ರ ಡಿಸೆಂಬರ್ ಬಂದಿತ್ತು.

ಎರಡನೇ ಅಲೆಯದ್ದು ಸಾವಿಗಿಂತ ಹೆಚ್ಚಾಗಿ ಶೋಕದ ಕಥೆ. ನಮ್ಮಲ್ಲಿ ಒಬ್ಬರು ಸತ್ತರೆ ಏನೆಲ್ಲ ನಡೆಯುತ್ತದೆ ನೆನಪು ಮಾಡಿಕೊಳ್ಳಿ. ನೆಂಟರು ಮಣ್ಣಿಗೆ ಬರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಊಟ ಬರುತ್ತದೆ. ಹಾಲುತುಪ್ಪ, ಹನ್ನೊಂದನೇ ದಿನ, ತಿಥಿ. ಇದನ್ನು ಬರೀ ಶಾಸ್ತ್ರ ಅಂತ ಎಷ್ಟೋ ಜನ ಮೂಗು ಮುರಿಯುತ್ತಿದ್ದೆವು. ದುಃಖದಲ್ಲಿರುವವರನ್ನು ಹದಿನೈದು ದಿನ ಒಬ್ಬರೇ ಇರಲು ಬಿಡದ ವ್ಯವಸ್ಥೆ ಅದು ಅಂತ ಅರ್ಥವಾದದ್ದು ಅದಿಲ್ಲದೆ ಹೋದಾಗ. 2021ರ ಏಪ್ರಿಲ್, ಮೇನಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ದೇಹ, ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು, ಮುಖ ನೋಡಲಾಗದ ಮಕ್ಕಳು. ಬೆಂಗಳೂರಿನಲ್ಲಿ ಯಾರೂ ತೆಗೆದುಕೊಂಡು ಹೋಗದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರವೇ ಆ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ಹೀಗೆ ಅರ್ಧಕ್ಕೇ ನಿಂತ ಶೋಕ ತಿಂಗಳುಗಟ್ಟಲೆ ಕರಗದೆ ಉಳಿಯಬಹುದು. "ಆ ಆಸ್ಪತ್ರೆಗೆ ಸೇರಿಸಬಾರದಿತ್ತು", "ನಾನೇ ಮನೆಗೆ ರೋಗ ತಂದೆ" ಅನ್ನುವ ತಪ್ಪಿನ ಭಾವನೆ ಬೇರೆ. ಇಂಥವರ ಮೇಲೆ ಕಣ್ಣಿಡಬೇಕು, ಸಾವಾದ ವಾರದಲ್ಲಿ ಮಾತ್ರವಲ್ಲ, ಆರು ತಿಂಗಳಾದ ಮೇಲೂ, ವರ್ಷದ ತಿಥಿ ಹತ್ತಿರ ಬಂದಾಗಲೂ.

ವಿದ್ಯಾರ್ಥಿಗಳ ಬಗ್ಗೆ ಎರಡೇ ಮಾತು. ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526 ಆಯಿತು. ಒಂದು ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದೂ ಅಪ್ಪನ ಜೇಬಿನಲ್ಲಿ. ಆನ್‌ಲೈನ್ ಕ್ಲಾಸು ತಪ್ಪಿಸಿಕೊಂಡ ಮಗುವಿಗೆ ಪರೀಕ್ಷೆ ಇದೆಯೋ ಇಲ್ಲವೋ ಎಂಬ ಗೊಂದಲ ತಿಂಗಳುಗಟ್ಟಲೆ. ಮಕ್ಕಳಿಗೆ ಕಷ್ಟಕ್ಕಿಂತ ಅನಿಶ್ಚಿತತೆ ಹೆಚ್ಚು ಹಿಂಸೆ.

ಈಗ, ಗುರುತಿಸುವುದು ಹೇಗೆ? ಖಿನ್ನತೆ ಅನ್ನುವುದು ಪೇಪರಿನ ಪದ. ಮನೆಯಲ್ಲಿ ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ಯಾಕೋ ಮೈಯೆಲ್ಲ ನೋವು", "ಎದೆ ಭಾರ", "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ", "ರಾತ್ರಿ ಎರಡಕ್ಕೇ ಎಚ್ಚರ ಆಗುತ್ತೆ" ಅನ್ನುತ್ತಾರೆ. ಮಾತ್ರೆ ಬದಲಾಯಿಸುತ್ತಲೇ ಇರುತ್ತಾರೆ. ಸಾವಿನ ಯೋಚನೆಗೂ ಹೀಗೇ ಬೇರೆ ಮಾತು. "ಸಾಕಾಗಿದೆ." "ದೇವರು ಕರ್ಕೊಂಡ್ರೆ ಸಾಕು." "ನಾನಿಲ್ದಿದ್ರೆ ನಿಮಗೇ ಹಗುರ." ಕೊನೆಯ ಮಾತು ಬಂದರೆ ಎಲ್ಲ ಬಿಟ್ಟು ಕೂತು ಕೇಳಿ. ವಯಸ್ಸಾದವರು ಎಲ್ಲರೂ ಹೀಗೆ ಅಂತಾರೆ ಅಂತ ತಳ್ಳಿಹಾಕಬೇಡಿ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ಬಂದಾಗ ಹಾಂಗ್‌ಕಾಂಗ್‌ನಲ್ಲಿ ಆತ್ಮಹತ್ಯೆ ಹೆಚ್ಚಾದದ್ದು 65 ದಾಟಿದವರಲ್ಲೇ. ಮನೆಯವರಿಗೆ ಹೊರೆಯಾಗಬಾರದು ಅನ್ನುವ ಭಯ ಅಲ್ಲಿ ಕೆಲಸ ಮಾಡಿತ್ತು.

ಸಾಯುವ ಯೋಚನೆ ಇದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಹಾಗಾಗುವುದಿಲ್ಲ. ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ, ಹಾಗೆ ಕೇಳಿದಾಗ ತೊಂದರೆಯಲ್ಲಿರುವವರಿಗೆ ಹಗುರವಾಗುವುದೇ ಹೆಚ್ಚು. ನೇರವಾಗಿಯೇ ಕೇಳಬಹುದು: "ಬದುಕೋದೇ ಬೇಡ ಅನ್ನಿಸ್ತಿದೆಯಾ?" ಹೌದು ಅಂದರೆ ಗಾಬರಿ ಬೇಡ, ಬುದ್ಧಿಮಾತೂ ಬೇಡ. "ಮಕ್ಕಳ ಮುಖ ನೋಡಿಕೊಂಡಾದ್ರೂ" ಅನ್ನುವುದು ಒಳ್ಳೆಯ ಮನಸ್ಸಿನ ಮಾತೇ, ಆದರೆ ತಾನು ಭಾರ ಅಂದುಕೊಂಡವರ ತಲೆಯ ಮೇಲೆ ಅದು ಇನ್ನೊಂದು ಕಲ್ಲು. ಸುಮ್ನೆ ಕೇಳಿಸಿಕೊಳ್ಳಿ. ಆ ರಾತ್ರಿ ಒಬ್ಬರನ್ನೇ ಬಿಡಬೇಡಿ. ಅಪಾಯ ಆಗುವಂಥ ವಸ್ತುಗಳನ್ನು ಮನೆಯಿಂದ ದೂರ ಇಡಿ. ಆ ತೀವ್ರ ಹೊತ್ತು ಬಹಳ ಸಲ ಗಂಟೆಗಳಲ್ಲಿ ಕಳೆಯುತ್ತದೆ, ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ಮಟ್ಟಕ್ಕೆ ಹೋಲಿಸಿದರೆ ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಆತ್ಮಹತ್ಯೆ ಶೇ. 70ರಷ್ಟು ಇಳಿಯಿತು.

ಒಮ್ಮೆ ಪ್ರಯತ್ನ ಮಾಡಿ ಉಳಿದವರ ಮೇಲೆ ಇನ್ನೂ ಹೆಚ್ಚು ಗಮನ ಬೇಕು. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವವರು ಇವತ್ತಿಗೂ ಇದ್ದಾರೆ. ನಮ್ಮ ಪದದಲ್ಲೇ "ಹತ್ಯೆ" ಇದೆ ನೋಡಿ, ಅಪರಾಧದ ವಾಸನೆ ಹೋಗುವುದೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸಬಾರದು ಅಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸುವುದನ್ನೇ ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲ.

ಚೆನ್ನೈ ಸೇರಿ ಐದು ಊರುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. "ಹೇಗಿದ್ದೀರಿ?" ಅಷ್ಟೇ. ಮೊದಲ ಗುಂಪಿನಲ್ಲಿ 18 ಜನ ಆತ್ಮಹತ್ಯೆಯಿಂದ ಸತ್ತರು. ಎರಡನೆಯದರಲ್ಲಿ 2.

2020ರ ಮಾರ್ಚ್ ಕೊನೆಯಲ್ಲಿ ನಿಮ್ಹಾನ್ಸ್ ಸಹಾಯವಾಣಿ ತೆರೆದದ್ದೂ ಇದೇ ನಂಬಿಕೆಯ ಮೇಲೆ. ಅದೇ ನಿಮ್ಹಾನ್ಸ್ ಮುಂದೆ ನಿಂತು ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ನಂಬರ್ 14416. ಖರ್ಚಿಲ್ಲ, ರಾತ್ರಿ ಹಗಲು ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತೊಂದರೆಯಲ್ಲಿರುವವರೇ ಮಾಡಬೇಕೆಂದಿಲ್ಲ, ಅವರ ಬಗ್ಗೆ ಚಿಂತೆಯಿರುವ ಮನೆಯವರೂ ಮಾಡಬಹುದು. ಜೀವಕ್ಕೆ ಈಗಲೇ ಅಪಾಯ ಇದ್ದರೆ 112 ಅಥವಾ ಹತ್ತಿರದ ಆಸ್ಪತ್ರೆ.

ಡಾಕ್ಟರ ಹತ್ತಿರ ಕರೆದೊಯ್ಯುವುದು ಮಾತ್ರ ಇನ್ನೂ ಕಷ್ಟದ ಕೆಲಸವೇ. "ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನುವುದು ಬೆಂಗಳೂರಲ್ಲಿ ಬೈಗುಳವಲ್ವಾ? ಅದಕ್ಕೇ ದೊಡ್ಡ ಹೆಸರುಗಳನ್ನು ಎತ್ತದೆ ಹೊರಡುವುದು ಮೇಲು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ವಾರ ಅಂತ ಮೊದಲೇ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. "ಮನಸ್ಸಿಗೆ ತೋರಿಸೋಣ" ಅಂದರೆ ಬಾರದ ಅಪ್ಪ, "ನಿದ್ದೆ ಬರ್ತಿಲ್ಲ ಅಂತೀರಲ್ಲ, ಅದಕ್ಕೇನಾದ್ರೂ ಕೊಡ್ತಾರೆ, ಬನ್ನಿ, ನಾನೂ ಬರ್ತೀನಿ" ಅಂದರೆ ಚಪ್ಪಲಿ ಹಾಕಿಕೊಳ್ಳುತ್ತಾರೆ.